ಹ್ಯಾಂಡಲ್ ಮೇಲೆ ಮೊಬೈಲು, ಕೆಳಗೆ ಎರೆಹೊಲದ ದಾರಿ

1998ರಲ್ಲಿ ಅಪ್ಪ ನನ್ನನ್ನು ಲಿಂಗಸುಗೂರಿನ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯ ಗಲ್ಲೆಯ ಮೇಲೆ ಕೂರಿಸಿದರು. ಆಗ ಜನ ಗಾಡಿಗೆ ಹಚ್ಚಿಸಿಕೊಳ್ಳಲು ಕೇಳುತ್ತಿದ್ದದ್ದು ಟೇಪ್ ರೆಕಾರ್ಡರಿನ ಡಬ್ಬಿ. ಹೊಸ ಟ್ರ್ಯಾಕ್ಟರ್ ತಂದವರು ಪೂಜೆ ಮಾಡಿಸಿ, ಗಾಲಿಗೆ ನಿಂಬೆಹಣ್ಣು ಇಟ್ಟು ತುಳಿಸಿ, ಅಲ್ಲಿಂದ ನೆಟ್ಟಗೆ ನಮ್ಮ ಬೀದಿಗೆ ಬರುತ್ತಿದ್ದರು. ಮಗ್ಗುಲಲ್ಲೇ ವೆಲ್ಡಿಂಗ್ ಚಾಚಾನ ಶೆಡ್. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಸಿಂಧನೂರು ಸೀಮೆಯಲ್ಲಿ ಭತ್ತ ಕೈಹಿಡಿದಿದ್ದ ಕಾಲ. ಕ್ಯಾಂಪುಗಳ ತೆಲುಗು ರೈತರು ಕೂಡ ಮಸ್ಕಿ ದಾಟಿಕೊಂಡು ಇಲ್ಲಿಯವರೆಗೆ ಬರುತ್ತಿದ್ದರು. ಚಾಚಾ ಕೂರಿಸಿದ ಡಬ್ಬಿ ಅಲ್ಲಾಡುವುದಿಲ್ಲ ಎಂಬ ಹೆಸರಿತ್ತು.

ಆ ಡಬ್ಬಿಯನ್ನು ಈಗಿನವರು ನೋಡಿರಲಾರರು. ಮಡ್‌ಗಾರ್ಡಿನ ಒಳಮಗ್ಗುಲಿಗೆ ದಪ್ಪ ತಗಡಿನ ಪೆಟ್ಟಿಗೆ, ಅದರೊಳಗೆ ಲಾರಿ ಟ್ಯೂಬಿನ ರಬ್ಬರನ್ನು ಎರಡು ಮಡಿಕೆ ಹಾಸಿ, ಅದರ ಮೇಲೆ ಟೇಪ್. ರಬ್ಬರ್ ಹಾಸದಿದ್ದರೆ ನೇಗಿಲು ಹೊಡೆಯುವಾಗ ಹಾಡು ಎಳೆದೆಳೆದು ಕೇಳುತ್ತಿತ್ತು, ಕ್ಯಾಸೆಟ್ಟಿನ ರೀಲು ಒಳಗೆ ಸುತ್ತಿಕೊಳ್ಳುತ್ತಿತ್ತು. ಅಂಬಾಮಠದ ಜಾತ್ರೆಗೆ ಹೊರಟ ಟ್ರ್ಯಾಕ್ಟರುಗಳ ಸಾಲಿನಲ್ಲಿ ಯಾವ ಗಾಡಿಯ ಹಾಡು ತಡವರಿಸದೆ ಬರುತ್ತದೋ ಅದು ಚಾಚಾ ಕೈಯದು ಎಂದು ನಾವು ದೂರದಿಂದಲೇ ಹೇಳುತ್ತಿದ್ದೆವು.

ಕೆಲಸ ನಡೆವಾಗ ಅವರು ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಹೇಳುತ್ತಿದ್ದ ಮಾತುಗಳಲ್ಲಿ ಎರಡು ಇಪ್ಪತ್ತು ವರ್ಷದ ಮೇಲೆ ನನಗೆ ಅನ್ನ ಹಾಕಿದವು. ಒಂದು, “ತಮ್ಮಾ, ಕಾಲು ಉದ್ದ ಬಿಡಬ್ಯಾಡ. ಕಾಲು ಉದ್ದ ಆದಷ್ಟು ತಲಿ ಜಾಸ್ತಿ ನಡುಗತೈತಿ.” ಇನ್ನೊಂದು, “ಬೆಸುಗಿ ಬಿಡೂದಿಲ್ಲ, ಬೆಸುಗಿ ಮಗ್ಗುಲಿನ ತಗಡು ಸೀಳತೈತಿ. ನೋಡೂದಿದ್ರ ಅಲ್ಲಿ ನೋಡು.” ನಡುಗುವ ಗಾಡಿಯ ಮೇಲೆ ಏನನ್ನು ಕೂರಿಸಿದರೂ ಅದು ಮುರಿಯುವುದು ಬಲವಾದ ಜಾಗದಲ್ಲಲ್ಲ, ಬಲವಾದದ್ದು ಮುಗಿದು ತೆಳುವಾದದ್ದು ಶುರುವಾಗುವ ಜಾಗದಲ್ಲಿ. ಅದನ್ನು ನಾನು ಪುಸ್ತಕದಲ್ಲಿ ಓದಲಿಲ್ಲ, ಸೀಳಿದ ಮಡ್‌ಗಾರ್ಡುಗಳ ಮೇಲೆ ಬೆರಳಿಟ್ಟು ಕಲಿತೆ.

ಮೊದಮೊದಲ ಮೊಬೈಲುಗಳಿಗೆ ಸ್ಟ್ಯಾಂಡ್ ಬೇಕಿರಲಿಲ್ಲ. ಅಂಗಿಯ ಕಿಸೆ ಸಾಕಾಗಿತ್ತು. ಗಾಡಿ ಮೇಲೆ ಮಾತಾಡಬೇಕಾದವರು ತಲೆಗೆ ಟವೆಲ್ ಬಿಗಿದು, ಕಿವಿಯ ಹತ್ತಿರ ಅದರ ಮಡಿಕೆಯಲ್ಲಿ ಫೋನು ಸಿಕ್ಕಿಸಿ, ಸ್ಪ್ಲೆಂಡರ್ ಓಡಿಸುತ್ತಲೇ ಅಡತಿ ಅಂಗಡಿಯವನ ಹತ್ತಿರ ಹತ್ತಿಯ ದರ ಕೇಳುತ್ತಿದ್ದರು. ಹಾಗೆ ಹೋಗಿ ಎಡವಟ್ಟು ಮಾಡಿಕೊಂಡವರ ಮುರಿದ ಹ್ಯಾಂಡಲ್ಲು, ಬಾಗಿದ ಫೋರ್ಕು ನಮ್ಮ ಬೀದಿಗೆ ಬರುತ್ತಿದ್ದವು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು. ಅಗ್ಗದ ಇಂಟರ್‌ನೆಟ್ಟಿನ ಹಿಂದೆ ಅಂಗೈಗಿಂತ ದೊಡ್ಡ ಫೋನುಗಳು ಬಂದವು, ಅವುಗಳಲ್ಲಿ ನಕ್ಷೆ ಬಂತು. ಒಂದೆರಡು ವರ್ಷದಲ್ಲಿ ಗಲ್ಲೆಯ ಮುಂದೆ ನಿಂತವರ ಮಾತೇ ಬದಲಾಯಿತು. “ಅಣ್ಣಾ, ಮೊಬೈಲ್ ಸ್ಟ್ಯಾಂಡ್ ಐತೇನು?” ಹಟ್ಟಿ ಚಿನ್ನದ ಗಣಿಗೆ ಪಾಳಿಗೆ ಹೋಗುವವರು, ಬಿತ್ತನೆ ಬೀಜದ ಕಂಪನಿಗಳ ಹುಡುಗರು, ಹಳ್ಳಿಹಳ್ಳಿಗೆ ಸಾಲದ ಕಂತು ಎತ್ತಲು ಹೋಗುವವರು, ಕ್ರೂಸರ್ ಓಡಿಸುವವರು, ಎಲ್ಲರೂ ಕೇಳಿದರು. ನಾನು ಹೈದರಾಬಾದಿನ ಸಗಟು ಬಜಾರಿನಿಂದ ಪ್ಲಾಸ್ಟಿಕ್ ಸ್ಟ್ಯಾಂಡುಗಳ ಪೆಟ್ಟಿಗೆ ತರಿಸಿದೆ. ನೂರು, ನೂರೈವತ್ತು ರೂಪಾಯಿಯ ಮಾಲು. ಒಂದು ವಾರಕ್ಕೆ ಖಾಲಿ. ಎರಡನೇ ವಾರದಿಂದ ಅವೇ ಸ್ಟ್ಯಾಂಡುಗಳು ತುಂಡಾಗಿ ವಾಪಸ್ ಬರತೊಡಗಿದವು.

ಗಿರಾಕಿಗಳಿಗೆ ಮಾರಿದ್ದನ್ನೇ ನನ್ನ ಗಾಡಿಗೂ ಹಾಕಿಕೊಂಡಿದ್ದೆ. ಮುದಗಲ್ಲಿನಲ್ಲಿ ಬಾಕಿ ವಸೂಲಿ ಮುಗಿಸಿ, ಜಲದುರ್ಗದ ಕಡೆಯ ಹಳ್ಳಿಗೆ ಅಡ್ಡದಾರಿ ಹಿಡಿದಿದ್ದೆ. ಕಲ್ಲುಚೂರಿನ ಇಳಿಜಾರಿನಲ್ಲಿ ಒಂದು ಸಣ್ಣ ಸದ್ದು, ಅಷ್ಟೆ. ಕೆಳಗೆ ನೋಡಿದರೆ ಕ್ಲ್ಯಾಂಪು ಹ್ಯಾಂಡಲ್ಲಿನ ಮೇಲೇ ಇದೆ, ಅದರ ಕುತ್ತಿಗೆಯಿಂದ ಮೇಲಿನದ್ದು ಇಲ್ಲ. ತಿರುಗಿ ಹೋಗುವಷ್ಟರಲ್ಲಿ ಹಿಂದೆ ಬರುತ್ತಿದ್ದ ಟ್ರಾಲಿಯ ಗಾಲಿ ಫೋನಿನ ಮೇಲೆ ಹಾದಿತ್ತು. ಅದರಲ್ಲಿ ಮಗಳ ಮೊದಲ ಹುಟ್ಟುಹಬ್ಬದ ಚಿತ್ರಗಳಿದ್ದವು. ಅವತ್ತು ಸಂಜೆ ಅಂಗಡಿಯಲ್ಲಿ ಉಳಿದಿದ್ದ ಆ ಮಾಲನ್ನೆಲ್ಲ ಕಪಾಟಿನಿಂದ ಇಳಿಸಿಬಿಟ್ಟೆ. ಮುರಿದ ತುಂಡನ್ನು ಚಾಚಾನ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ, ಸೀಳಿದ ಅಂಚನ್ನು ಉಗುರಿನಿಂದ ತಡವಿ, “ನಾ ಹೇಳಿರಲಿಲ್ಲೇನು” ಎಂದರು. ದಪ್ಪ ಕ್ಲ್ಯಾಂಪು ಮುಗಿದು ತೆಳುವಾದ ಕುತ್ತಿಗೆ ಶುರುವಾಗುವ ಕಡೆಯೇ ಸೀಳಿತ್ತು.

ಆಮೇಲೆ ನಾವು ಲೆಕ್ಕ ಹಾಕಿದೆವು. ಬೈಕಿನ ಒಂದೇ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಏಟು. ಇನ್ನೂರು ಗ್ರಾಮಿನ ಫೋನು ಅರ್ಧ ಗಂಟೆ ಹಾದಿಯಲ್ಲಿ ತೊಂಬತ್ತು ಸಾವಿರ ಸಲ ಆ ಕುತ್ತಿಗೆಯನ್ನು ಜಗ್ಗುತ್ತದೆ. ಹಾದಿಯ ಕುಣಿಗಳು ಬೇರೆ. ನಮ್ಮ ಬಿಸಿಲಿನಲ್ಲಿ ಪ್ಲಾಸ್ಟಿಕ್ ಒಂದು ಬೇಸಿಗೆ ಕಳೆದರೆ ಹಪ್ಪಳದಂತೆ ಮುರಿಯುತ್ತದೆ. ಇಷ್ಟು ತಿಳಿದ ಮೇಲೆ ಆ ಮಾಲನ್ನು ಮತ್ತೆ ಮಾರಲು ಮನಸ್ಸು ಒಪ್ಪಲಿಲ್ಲ.

ಒಳ್ಳೆಯ ಸ್ಟ್ಯಾಂಡು ಹೇಗಿರುತ್ತದೆ ಎಂದು ತೋರಿಸಿದವರು ದಾರಿಹೋಕರು. ಮಸ್ಕಿಯ ಅಶೋಕನ ಶಾಸನ ನೋಡಲು ಬೆಂಗಳೂರಿನಿಂದ ಹಿಮಾಲಯನ್ ಬೈಕುಗಳಲ್ಲಿ ಬಂದ ನಾಲ್ಕು ಜನ ಪಂಕ್ಚರ್ ಹಾಕಿಸಲು ನಮ್ಮ ಬೀದಿಯಲ್ಲಿ ನಿಂತರು. (1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಗುರುತಿಸಿದ, ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಮೊದಲು ತಿಳಿಸಿಕೊಟ್ಟ ಬಂಡೆ ಅದು. ನಮ್ಮ ಸೀಮೆಯ ಮಕ್ಕಳೇ ಎಷ್ಟೋ ಜನ ಇನ್ನೂ ನೋಡಿಲ್ಲ.) ಅವರಲ್ಲೊಬ್ಬರ ಹ್ಯಾಂಡಲ್ಲಿನ ಮೇಲೆ ಅಮೆರಿಕದ ರ‍್ಯಾಮ್ ಕಂಪನಿಯ ಸ್ಟ್ಯಾಂಡಿತ್ತು. ರಬ್ಬರ್ ಹೊದ್ದ, ಒಂದಿಂಚಿನ ಗುಂಡು. ಆ ಗುಂಡನ್ನು ಎರಡು ಅಲ್ಯೂಮಿನಿಯಂ ಹೋಳುಗಳು ಎರಡೂ ಕಡೆಯಿಂದ ಕಚ್ಚಿಕೊಂಡಿವೆ, ನಡುವೆ ಒಂದೇ ತಿರುಪು. ಫೋನನ್ನು ಹಿಡಿದದ್ದು ಸ್ಪ್ರಿಂಗಿನ ನಾಲ್ಕು ಕೊಂಬು. ಚಾಚಾ ಶೆಡ್ಡಿನಿಂದ ಎದ್ದು ಬಂದು, ಕೈ ಒರೆಸಿಕೊಂಡು, ಆ ಗುಂಡನ್ನು ಮಗುವಿನ ಗಲ್ಲ ಹಿಡಿದಂತೆ ಹಿಡಿದು ನೋಡಿದರು. ಟೇಪಿನ ಡಬ್ಬಿಯ ಕೆಳಗೆ ತಾವು ಹಾಸುತ್ತಿದ್ದ ಟ್ಯೂಬಿನ ರಬ್ಬರೇ ಇಲ್ಲಿ ಗುಂಡಾಗಿ ಕೂತಿದೆ ಎಂದು ಅವರಿಗೆ ಕೂಡಲೇ ಹೊಳೆಯಿತು. ಆ ವಾರವೇ ಲೇತಿನಲ್ಲಿ ಒಂದು ಗುಂಡು ತಿರುವಿಸಿ, ರಬ್ಬರ್ ಹೊದಿಸಿ, ಒಬ್ಬ ಕ್ರೂಸರ್ ಡ್ರೈವರನಿಗೆ ಹಾಕಿಕೊಟ್ಟರು. ರಬ್ಬರ್ ಜಾರಿತು. ಎರಡನೆಯದು ನಿಂತಿತು. ಆ ಗಾಡಿ ಮುದಗಲ್ಲಿನ ದಾರಿಯಲ್ಲಿ ಬಹಳ ದಿನ ಅದೇ ಸ್ಟ್ಯಾಂಡಿನೊಂದಿಗೆ ಓಡಿತು.

ಎಲ್ಲಿ ಕೂರಿಸಬೇಕು ಎಂಬುದು ಬೇರೆಯೇ ಪಾಠ. ಬಹಳ ಜನ ಕನ್ನಡಿಯ ಕಡ್ಡಿಯ ಬುಡಕ್ಕೆ ಹಾಕಿಸುತ್ತಿದ್ದರು. ಸ್ಕೂಟಿಗಳಿಗೆ ಬೇರೆ ದಾರಿಯೂ ಇಲ್ಲ, ಅವುಗಳ ಹ್ಯಾಂಡಲ್ಲು ಪ್ಲಾಸ್ಟಿಕ್ಕಿನೊಳಗೆ ಮುಚ್ಚಿರುತ್ತದೆ. ಆದರೆ ಬೈಕಿನವರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಗಾಡಿ ಅರವತ್ತರಲ್ಲಿ ಹೋಗುವಾಗ ಕನ್ನಡಿಯಲ್ಲಿ ಹಿಂದಿನ ಲಾರಿ ಸ್ಪಷ್ಟ ಕಾಣುತ್ತದೋ, ಕಲಕಿದಂತೆ ಕಾಣುತ್ತದೋ? ಕಲಕಿದಂತೆ ಕಂಡರೆ ಆ ಕಡ್ಡಿ ನಡುಗುತ್ತಿದೆ ಎಂದೇ ಅರ್ಥ. ಅಲ್ಲಿಗೆ ಫೋನು ಕೊಡಬೇಡಿ. ಹ್ಯಾಂಡಲ್ಲಿನ ನಡುಭಾಗ, ಫೋರ್ಕಿನ ಮೇಲಿನ ಕ್ಲ್ಯಾಂಪಿನ ಹತ್ತಿರ, ಎಲ್ಲಕ್ಕಿಂತ ಕಡಿಮೆ ನಡುಗುವ ಜಾಗ. ನಮ್ಮ ಕಡೆಯ ಸಾಮಾನ್ಯ ಗಾಡಿಗಳ ಹ್ಯಾಂಡಲ್ಲು 22 ಮಿಲಿಮೀಟರ್ ದಪ್ಪ, ದೊಡ್ಡ ಗಾಡಿಗಳಲ್ಲಿ ನಡುವೆ 28 ಇರುವುದೂ ಉಂಟು. ಅಳೆಯದೆ ತಂದು, ಸಾಲದ್ದಕ್ಕೆ ಟ್ಯೂಬಿನ ಚೂರು ಸುತ್ತಿ ಬಿಗಿದ ಕ್ಲ್ಯಾಂಪು ಮೊದಲ ಮಳೆಗೇ ಸುತ್ತತೊಡಗುತ್ತದೆ. ಕನ್ನಡಿಯ ಬುಡವೇ ಗತಿ ಎಂದಾದರೆ ಯಮಾಹಾ ಗಾಡಿಯವರು ಒಂದನ್ನು ನೆನಪಿಡಿ, ಹಲವು ಯಮಾಹಾಗಳ ಬಲಗನ್ನಡಿಯ ಥ್ರೆಡ್ ಉಲ್ಟಾ. ಎಂದಿನಂತೆ ಪಾನಾ ತಿರುವಿ ಥ್ರೆಡ್ ಕೆಡಿಸಿಕೊಂಡು ಬಂದವರನ್ನು ನಾನು ಬಹಳ ಕಂಡಿದ್ದೇನೆ.

2020ರಲ್ಲಿ ಒಬ್ಬ ಗುತ್ತಿಗೆದಾರರು ತಮ್ಮ ಐಫೋನ್ ಹಿಡಿದು ಬಂದರು. ದಿನವೂ ಬುಲೆಟ್ ಮೇಲೆ ನಾರಾಯಣಪುರ ಬಲದಂಡೆ ಕಾಲುವೆಯ ದಂಡೆಗುಂಟ ಓಡಾಡುವವರು. ಸ್ಟ್ಯಾಂಡು ಗಟ್ಟಿ, ಉಕ್ಕಿನದು, ಒಂದು ಕೂದಲೆಳೆ ಅಲ್ಲಾಡುತ್ತಿರಲಿಲ್ಲ. ಆದರೆ ಕ್ಯಾಮೆರಾ ಕೆಟ್ಟಿತ್ತು. ತೆರೆದರೆ ಚಿತ್ರ ಕುಣಿಯುತ್ತಿತ್ತು, ಒಳಗೆ ಗುಂಯ್ ಎಂಬ ಸದ್ದು. ಮೊಬೈಲ್ ರಿಪೇರಿಯ ಹುಡುಗ, ಲೆನ್ಸು ಅಯಸ್ಕಾಂತದ ಮೇಲೆ ತೇಲಿದಂತೆ ಕೂತಿರುತ್ತದೆ, ಕೈ ನಡುಗಿದರೂ ಚಿತ್ರ ನಡುಗದಿರಲಿ ಎಂದು ಅದು ತಾನೇ ಸರಿದಾಡುತ್ತದೆ ಎಂದು ತೋರಿಸಿದ. ಬುಲೆಟ್ಟಿನ ಹೊಡೆತವನ್ನು ಆ ಉಕ್ಕಿನ ಸ್ಟ್ಯಾಂಡು ಒಂದಿಷ್ಟೂ ತಡೆಯದೆ ನೇರ ಲೆನ್ಸಿಗೆ ತಲುಪಿಸಿತ್ತು. ಮರುವರ್ಷ, 2021ರ ಸೆಪ್ಟೆಂಬರಿನಲ್ಲಿ, ಆಪಲ್ ಕಂಪನಿ ತಾನೇ ಬಾಯಿ ಬಿಟ್ಟು ಹೇಳಿತು: ಹೆಚ್ಚು ಸಾಮರ್ಥ್ಯದ ಬೈಕುಗಳ ಎಂಜಿನ್ನಿನ ನಡುಕಕ್ಕೆ ಫೋನನ್ನು ನೇರ ಒಡ್ಡಬೇಡಿ, ಕ್ಯಾಮೆರಾ ಕೆಡಬಹುದು, ನಡುಕ ಹೀರುವ ಸ್ಟ್ಯಾಂಡು ಬಳಸಿ ಎಂದು. ಗಟ್ಟಿ ಎಂದರೆ ಬಿಗಿ ಎಂದಷ್ಟೇ ತಿಳಿದಿದ್ದ ನನ್ನ ತಿಳಿವಳಿಕೆ ಅಲ್ಲಿಗೆ ತಿದ್ದಿಕೊಂಡಿತು. ಗಾಡಿಯನ್ನು ಹಿಡಿದ ತುದಿ ಬಿಗಿಯಾಗಿರಬೇಕು, ಫೋನನ್ನು ಹಿಡಿದ ತುದಿ ಹೊಡೆತ ನುಂಗಬೇಕು. ಎರಡರ ನಡುವೆ ರಬ್ಬರು ಇರಲೇಬೇಕು. ಕ್ವಾಡ್ ಲಾಕ್‌ನಂಥ ಕಂಪನಿಗಳು ಇದಕ್ಕೆಂದೇ ಬೇರೆ ತುಂಡು ಮಾಡಿ ಮಾರುತ್ತವೆ. ನಮ್ಮ ಜನಕ್ಕೆ ಆ ಬೆಲೆ ಭಾರ. ಆದರೆ ರಬ್ಬರ್ ಬುಶ್ ಇರುವ ಕಡಿಮೆ ಬೆಲೆಯ ಮಾಲೂ ಈಗ ಸಿಗುತ್ತದೆ, ಅದನ್ನು ಕೇಳಿ ಪಡೆಯಬೇಕು.

ಅದೇ 2020ರ ಮುಂಗಾರಿನಲ್ಲಿ ಸರ್ಕಾರ ಬೆಳೆ ಸಮೀಕ್ಷೆಯನ್ನು ರೈತರ ಮೊಬೈಲಿಗೇ ತಂದಿತು. ಹೊಲದಲ್ಲಿ ನಿಂತು ಆ್ಯಪಿನಲ್ಲಿ ಬೆಳೆಯ ಚಿತ್ರ ತೆಗೆಯಬೇಕು. ಆಗದವರ ಹೊಲಕ್ಕೆ ಊರಿನ ಓದಿದ ಹುಡುಗರು ಬೈಕಿನಲ್ಲಿ ಹೋಗುತ್ತಿದ್ದರು. ತೊಗರಿ, ಸಜ್ಜೆ, ಹತ್ತಿಯ ಬದುಗಳ ಮೇಲೆ, ಮಳೆ ನಿಂತ ಎರೆಮಣ್ಣಿನಲ್ಲಿ, ಮಡ್‌ಗಾರ್ಡಿಗೆ ಮಣ್ಣು ತುಂಬಿ ಗಾಲಿ ತಿರುಗದಂತಾಗುವ ದಾರಿ ಅದು. ಬೈಕು ಬೀಳುವುದು ಗ್ಯಾರಂಟಿ. ಆ ಹುಡುಗರೇ ನನಗೆ ಕಲಿಸಿದ್ದು, ಕೊಂಬುಗಳ ಮೇಲೆ ಒಂದು ರಬ್ಬರ್ ಬಲೆಯೂ ಇರಬೇಕು, ಅಂಟುವ ಅಯಸ್ಕಾಂತ ಈ ದಾರಿಗೆ ಅಲ್ಲ.

ಟ್ರ್ಯಾಕ್ಟರಿನ ವಿಷಯದಲ್ಲಿ ಚಾಚಾನ ಕಾಲದಿಂದ ಹೆಚ್ಚೇನೂ ಬದಲಾಗಿಲ್ಲ. ಹಿಂದಿನ ಗಾಲಿಗೆ ಸ್ಪ್ರಿಂಗ್ ಪಟ್ಟಿ ಇಲ್ಲದ ಗಾಡಿ, ಕಬ್ಬಿಣದ ಗಾಲಿ ಹಾಕಿ ಕೆಸರು ಕಲಸುವಾಗ ಮೈಮೂಳೆಯೇ ಸಡಿಲಾಗುತ್ತದೆ. ಗಾಜಿಗೆ ಅಂಟುವ ಗಾಳಿಬಟ್ಟಲಿನ ಸ್ಟ್ಯಾಂಡನ್ನು ಕಾರಿನವರಿಂದ ನೋಡಿ ತಂದು ಬಾನೆಟ್ಟಿಗೆ ಅಂಟಿಸಿದವರಿದ್ದಾರೆ, ಧೂಳು ಕೂತೊಡನೆ ಬಿಟ್ಟುಕೊಳ್ಳುತ್ತದೆ. ಬೋಲ್ಟಿನಲ್ಲೇ ಕೂರಬೇಕು. ನೈಲಾಕ್ ನಟ್ಟು, ಸ್ಪ್ರಿಂಗ್ ವಾಷರ್ ಹಾಕಿ, ಮೊದಲ ದಿನದ ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಈ ಎರಡನೇ ಬಿಗಿತವನ್ನು ಯಾರೂ ಮಾಡುವುದಿಲ್ಲ, ಅರ್ಧ ಸ್ಟ್ಯಾಂಡುಗಳು ಬೀಳುವುದು ಅದಕ್ಕೇ.

ಬಿಸಿಲಿನ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಐಫೋನ್ ತಯಾರಕರು ಹೇಳುವ ಸುತ್ತಲಿನ ಶಾಖದ ಮಿತಿ 35 ಡಿಗ್ರಿ. ನಮ್ಮಲ್ಲಿ ಏಪ್ರಿಲ್, ಮೇ ಎಂದರೆ 40 ದಾಟುವ ದಿನಗಳು. ನಕ್ಷೆ ಓಡುತ್ತ, ಬೆಳಕು ಪೂರ್ತಿ ಇಟ್ಟು, ಮೇಲೆ ಚಾರ್ಜಿಂಗ್ ಹಚ್ಚಿದರೆ ಫೋನು ತಾನೇ ಆರಿಹೋಗುತ್ತದೆ. ಬ್ಯಾಟರಿ ಉಬ್ಬಿ ಬಂದದ್ದನ್ನೂ ನೋಡಿದ್ದೇನೆ. ಪಾರದರ್ಶಕ ಚೀಲದಂಥ ಸ್ಟ್ಯಾಂಡನ್ನು ಮಳೆಗಾಲಕ್ಕಷ್ಟೇ ಇಟ್ಟುಕೊಳ್ಳಿ, ಬೇಸಿಗೆಯಲ್ಲಿ ಫೋನಿನ ಬೆನ್ನಿಗೆ ಗಾಳಿ ಆಡಬೇಕು. ಚಾರ್ಜರಿನ ತಂತಿಯನ್ನು ಬ್ಯಾಟರಿಗೆ ನೇರ ಹಚ್ಚದೆ, ಚಾವಿ ತಿರುವಿದಾಗ ಮಾತ್ರ ಕರೆಂಟು ಬರುವ ತಂತಿಯಿಂದ, ನಡುವೆ ಫ್ಯೂಸ್ ಹಾಕಿ ತೆಗೆದುಕೊಳ್ಳಬೇಕು.

ಚಾಚಾ ಈಗ ಶೆಡ್ಡಿಗೆ ಬರುವುದಿಲ್ಲ, ಮಗ ನೋಡಿಕೊಳ್ಳುತ್ತಾನೆ. ಡಬ್ಬಿ ಕೇಳುವವರಿಲ್ಲ. ನಮ್ಮ ಅಂಗಡಿಯಲ್ಲಿ ಈಗ ಮೂರೇ ನಮೂನೆಯ ಸ್ಟ್ಯಾಂಡ್ ಇಡುತ್ತೇನೆ. ಮೂರೂ ಲೋಹದವು, ಗಿಡ್ಡ ಕುತ್ತಿಗೆಯವು, ನಡುವೆ ರಬ್ಬರು ಇರುವವು. ಇದಕ್ಕಿಂತ ಅಗ್ಗದ್ದು ಬೇಕೆಂದವರನ್ನು ಬರಿಗೈಯಲ್ಲಿ ಕಳಿಸುತ್ತೇನೆ, ಫೋನು ಕಳೆದುಕೊಂಡು ಬಂದವರ ಮುಖ ನೋಡುವುದಕ್ಕಿಂತ ಅದು ಮೇಲು.

ನೀವು ಎಲ್ಲಿಯೇ ಕೊಳ್ಳಿ, ಬಿಗಿಸಿದ ಮೇಲೆ ಫೋನನ್ನು ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಗಾಡಿಯ ಮುಂಭಾಗವೇ ಅಲ್ಲಾಡಿದರೆ ಒಯ್ಯಿರಿ, ಫೋನಷ್ಟೇ ಅಲ್ಲಾಡಿದರೆ ಬಿಡಿ. ಇನ್ನು ಕಾನೂನಿನ ಮಾತು: 2020ರ ಅಕ್ಟೋಬರ್ 1ರಿಂದ ಗಾಡಿ ಓಡಿಸುವಾಗ ಫೋನನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ಕೆಡದಂತೆ. ಸ್ಟ್ಯಾಂಡು ಗಟ್ಟಿಯಾಗಿದೆ ಎಂದು ಟ್ರ್ಯಾಕ್ಟರಿನ ಮೇಲೆ ವಿಡಿಯೊ ನೋಡುತ್ತ ಕೆಸರು ಕಲಸುವ ಹುಡುಗರನ್ನು ನಾನು ದಿನವೂ ನೋಡುತ್ತಿದ್ದೇನೆ. ನಿಮ್ಮ ಮನೆಯ ಹುಡುಗನಾಗಿದ್ದರೆ ಇವತ್ತೇ ಹೇಳಿ: ದಾರಿ ಹೊರಡುವ ಮೊದಲೇ ಹಾಕಿಕೊಳ್ಳಲಿ, ನೋಡಬೇಕೆನಿಸಿದರೆ ಬದುವಿಗೆ ಗಾಡಿ ನಿಲ್ಲಿಸಲಿ.