ಮರದ ನೆರಳಿನಲ್ಲಿ ಸೂರ್ಯ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸಾಗುವ ದಾರಿಹೋಕನು ಬಿಸಿಲೇರಿದಾಗ ಹುಣಿಸೆಯ ಮರವೊಂದರ ಕೆಳಗೆ ಕುಳಿತು ದಣಿವಾರಿಸಿಕೊಳ್ಳುತ್ತಾನೆ. ಆ ನೆರಳಿನಲ್ಲಿ ನಾಣ್ಯಗಳನ್ನು ಚೆಲ್ಲಿದಂತೆ ದುಂಡನೆಯ ಬೆಳಕಿನ ಚುಕ್ಕೆಗಳು ಹರಡಿರುತ್ತವೆ. ಎಲೆಗಳ ನಡುವಣ ಸಂದುಗಳಿಗೆ ಒಂದೊಂದಕ್ಕೂ ಒಂದೊಂದು ಆಕಾರ. ಹಾಗಿರುವಾಗ ಚುಕ್ಕೆಗಳು ಮಾತ್ರ ದುಂಡಗಿರುವುದೇಕೆ?

2019ರ ಡಿಸೆಂಬರ್ 26ರ ಬೆಳಗ್ಗೆ ಇದಕ್ಕೆ ಉತ್ತರವು ನೆಲದ ಮೇಲೆಯೇ ಮೂಡಿತು. ಅಂದು ಕಂಕಣ ಸೂರ್ಯಗ್ರಹಣ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯನು ಬೆಂಕಿಯ ಬಳೆಯಂತಾದನು. ಗುಂಡ್ಲುಪೇಟೆಯ ಸೀಮೆಯಲ್ಲಿಯೂ ಸುಮಾರು ಒಂಬತ್ತೂವರೆಯ ಹೊತ್ತಿಗೆ ಅವನ ಬಹುಭಾಗ ಮರೆಯಾಗಿತ್ತು. ಗ್ರಹಣವು ಏರುತ್ತಿದ್ದಂತೆ, ಮೋಡವಿಲ್ಲದ ಕಡೆಗಳಲ್ಲಿ ಮರದಡಿಯ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿದುವು. ಅವು ಸಂದುಗಳ ಆಕಾರಗಳಲ್ಲ, ಸೂರ್ಯನ ಪ್ರತಿಬಿಂಬಗಳು. ಬೆಳಕು ಸರಳರೇಖೆಯಲ್ಲಿ ಚಲಿಸುವುದರಿಂದ ಸೂರ್ಯನ ಮೇಲಂಚಿನ ಕಿರಣವು ಸಂದಿನ ಮೂಲಕ ಕೆಳಕ್ಕೂ, ಕೆಳಂಚಿನ ಕಿರಣವು ಮೇಲಕ್ಕೂ ಸಾಗಿ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತವೆ.

ಆ ದಿನ ಅನೇಕ ಮನೆಗಳಲ್ಲಿ ಮಕ್ಕಳು ಹೊರಗೆ ಬರಲಿಲ್ಲ. ಗ್ರಹಣವನ್ನು ನೋಡಬಾರದೆಂಬ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಪೀನಮಸೂರವು ಬಿಸಿಲನ್ನು ಒಂದೆಡೆ ಕೂಡಿಸಿ ಕಾಗದವನ್ನು ಸುಡುತ್ತದೆ. ಕಣ್ಣಿನೊಳಗಿರುವುದೂ ಪೀನಮಸೂರವೇ. ಸೂರ್ಯನನ್ನು ದಿಟ್ಟಿಸಿದರೆ ಅದು ಅಕ್ಷಿಪಟದ ಮೇಲೆ ಸಾಸಿವೆ ಕಾಳಿಗಿಂತಲೂ ಚಿಕ್ಕದಾದ, ಪ್ರಖರವಾದ ಬಿಂಬವನ್ನು ಮೂಡಿಸುತ್ತದೆ. ಅಕ್ಷಿಪಟಕ್ಕೆ ನೋವಿನ ಅರಿವಿಲ್ಲ. ಆದುದರಿಂದ ಅದು ಸುಡುತ್ತಿರುವುದು ನೋಡುವವನಿಗೆ ತಿಳಿಯುವುದೇ ಇಲ್ಲ.

ಬರಿಗಣ್ಣಿನಿಂದ ನೋಡಬಾರದುದು ಸೂರ್ಯನನ್ನು. ಗೋಡೆಯ ಮೇಲೆ ಬಿದ್ದ ಅವನ ಬಿಂಬವನ್ನಲ್ಲ. ಚಿಕ್ಕ ಕನ್ನಡಿಯೊಂದಕ್ಕೆ ಕಾಗದವನ್ನು ಅಂಟಿಸಿ, ನಡುವೆ ಅರ್ಧ ಸೆಂಟಿಮೀಟರಿನಷ್ಟು ತೆರವು ಬಿಟ್ಟು, ಬಿಸಿಲನ್ನು ಕತ್ತಲೆ ಕೋಣೆಯ ಗೋಡೆಗೆ ಹಾಯಿಸಿದರೆ ಸಾಕು. ಹತ್ತು ಮೀಟರ್ ದೂರದ ಗೋಡೆಯ ಮೇಲೆ ಸುಮಾರು ಒಂಬತ್ತು ಸೆಂಟಿಮೀಟರ್ ಅಗಲದ ಸೂರ್ಯನು ಮೂಡುತ್ತಾನೆ. ಕನ್ನಡಿಯೊಳಕ್ಕೆ ಇಣುಕದೆ, ಆ ಬೆಳಕನ್ನು ಯಾರ ಕಣ್ಣಿಗೂ ತಿರುಗಿಸದೆ, ಮನೆಮಂದಿಯೆಲ್ಲ ಗೋಡೆಯನ್ನು ನೋಡಬಹುದು.

2031ರ ಮೇ 21ರಂದು ದಕ್ಷಿಣ ಭಾರತದ ಮೇಲೆ ಮತ್ತೊಂದು ಕಂಕಣಗ್ರಹಣವು ಹಾದುಹೋಗಲಿದೆ. ಅಂದು ಮಕ್ಕಳು ಕದವಿಕ್ಕಿ ಕುಳಿತುಕೊಳ್ಳಬೇಕಾಗಿಲ್ಲ. ಆಕಾಶವನ್ನು ದಿಟ್ಟಿಸಿ ಕಣ್ಣು ಕಳೆದುಕೊಳ್ಳಬೇಕಾಗಿಯೂ ಇಲ್ಲ. ಮರದ ನೆರಳಿನಲ್ಲಿ ತಲೆ ತಗ್ಗಿಸಿ ನಿಂತವರಿಗೂ ಸೂರ್ಯನು ಕಾಣುತ್ತಾನೆ.