ಜೀಪಿನ ಮುಂದಿನ ಅಚ್ಚು

ಕನ್ನಡದಲ್ಲಿ ‘ಅಚ್ಚು’ ಎಂಬ ಶಬ್ದವು ಬಹಳ ದುಡಿಯುತ್ತದೆ. ಬೆಲ್ಲ ಹೊಯ್ಯುವದು ಅಚ್ಚಿನಲ್ಲಿ, ಪುಸ್ತಕ ಹೊರಬೀಳುವದು ಅಚ್ಚಿನಿಂದ. ಮನಸ್ಸಿಗೆ ಒಪ್ಪಿದ್ದು ಅಚ್ಚುಮೆಚ್ಚು, ಕಣ್ಣಿಗೆ ಒಪ್ಪಿದ್ದು ಅಚ್ಚುಕಟ್ಟು. ಆದರೆ ನಮ್ಮ ಹಳಿಯಾಳದ ರೈತನನ್ನು ಕೇಳಿದರೆ ಅವನಿಗೆ ಮೊದಲು ನೆನಪಾಗುವದು ಚಕ್ಕಡಿಯ ಅಚ್ಚು. ಎರಡು ಗಾಲಿಗಳನ್ನು ಕೂಡಿಸಿ, ಮೇಲಿನ ಭಾರವನ್ನೆಲ್ಲ ಹೊತ್ತು, ತಾನು ಮಾತ್ರ ಯಾರ ಕಣ್ಣಿಗೂ ಬೀಳದೆ ಇರುವ ವಸ್ತು ಅದು. ಮಾಘಮಾಸದಲ್ಲಿ ಉಳವಿಯ ಚನ್ನಬಸವೇಶ್ವರನ ಜಾತ್ರೆಗೆ ಧಾರವಾಡ ಬೆಳಗಾವಿಗಳ ಕಡೆಯಿಂದ ಸಾಲುಗಟ್ಟಿ ಬರುವ ಚಕ್ಕಡಿಗಳನ್ನು ನೋಡಿದವರು ಎತ್ತುಗಳ ಝೂಲವನ್ನು ಹೊಗಳುತ್ತಾರೆ, ಕೊರಳ ಗೆಜ್ಜೆಯನ್ನು ಹೊಗಳುತ್ತಾರೆ. ಅಚ್ಚನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಕಾಡಿನ ಏರಿನಲ್ಲಿ ಅದು ಮುರಿದ ದಿನ ಮಾತ್ರ ಅದರ ಹೆಸರು ಎಲ್ಲರ ಬಾಯಲ್ಲಿ.

ನಾನು ಇಲ್ಲಿ ಹೇಳಹೊರಟದ್ದು ಜೀಪಿನ ಅಚ್ಚಿನ ವಿಷಯ. ಅದರಲ್ಲಿಯೂ ಮುಂದಿನ ಗಾಲಿಗಳಿಗೆ ಬಲವನ್ನು ಒಯ್ದು ಮುಟ್ಟಿಸುವ ಉಕ್ಕಿನ ದಂಡದ ವಿಷಯ. ಮಿಸ್ತ್ರಿಗಳು ಇದಕ್ಕೆ ಶಾಫ್ಟ್ ಎನ್ನುತ್ತಾರೆ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಕಲಾ ವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿ ಕಳೆದ ವರ್ಷ ಒಂದು ತಿಂಗಳ ಕಾಲ ಊಟಕ್ಕೆ ಕುಳಿತಾಗಲೆಲ್ಲ ನಡೆದದ್ದು ಇದೊಂದೇ ಚರ್ಚೆ. ಹೀಗಾಗಿ ಬಯಸದೆಯೇ ನಾನು ಈ ಶಾಸ್ತ್ರದಲ್ಲಿ ಅಷ್ಟಿಷ್ಟು ಪಂಡಿತನಾದೆನು.

ನಮ್ಮ ಕಾಕಾ ಜೋಯಿಡಾದ ಹತ್ತಿರ ಇರುತ್ತಾರೆ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದ ಮೇಲೆ ತಾಲೂಕಿನ ಕೇಂದ್ರವಾದ ಊರು ಈ ಜೋಯಿಡಾ. 1956ರಲ್ಲಿ ದಾಂಡೇಲಿ ಅಭಯಾರಣ್ಯವೆಂದು ಮೊದಲಾಗಿ, 2007ರಲ್ಲಿ ಹುಲಿಗಳ ರಕ್ಷಿತಾರಣ್ಯವಾಗಿ, 2015ರಿಂದ ಕಾಳಿ ಎಂಬ ಹೆಸರನ್ನು ಹೊತ್ತ ಅಡವಿಯು ಸುತ್ತಲೂ ಇದೆ. ಅಡವಿಯ ನಡುವೆ ಕುಣಬಿಗಳ ಸಣ್ಣ ಸಣ್ಣ ವಾಡೆಗಳಿವೆ. ಡಾಂಬರು ರಸ್ತೆ ಒಂದು ಕಡೆ ಮುಗಿದುಹೋಗುತ್ತದೆ. ಮುಂದೆ ಕೆಮ್ಮಣ್ಣು, ಬೇರು, ಬಂಡೆ, ಹಳ್ಳ. ಅಂಬ್ಯುಲನ್ಸ್ ಗಾಡಿ ಡಾಂಬರು ಮುಗಿಯುವಲ್ಲಿಗೆ ಬಂದು ನಿಲ್ಲಬೇಕಾಗುತ್ತದೆ. ಅಲ್ಲಿಂದಾಚೆಗೆ ಮಳೆಗಾಲದಲ್ಲಿ ಇರುವ ಸಾಧನಗಳು ಎರಡೇ: ಕಂಬಳಿಯನ್ನು ಬಿದಿರಿಗೆ ಕಟ್ಟಿದ ಜೋಲಿ, ಮತ್ತು ನಾಲ್ಕೂ ಗಾಲಿಗಳಿಂದ ಎಳೆಯಬಲ್ಲ ಜೀಪು. ಕಾಕಾನ ಹತ್ತಿರ ಅಂಥದೊಂದು ಹಳೆಯ ಜೀಪು ಇದೆ. ಬೇಸಿಗೆಯಲ್ಲಿ ಅದು ಅಡಿಕೆ, ಅಕ್ಕಿ, ಮದುವೆಯ ಜನ ಎಲ್ಲವನ್ನೂ ಹೊರುತ್ತದೆ; ಮಳೆಗಾಲದಲ್ಲಿ ಬಹುಮಟ್ಟಿಗೆ ರೋಗಿಗಳನ್ನು.

ಜೀಪಿನ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೇರಿಕದ ವಿಲ್ಲಿಸ್ ಕಂಪನಿಯು 1941ರಿಂದ ಇದನ್ನು ಸಾವಿರಗಟ್ಟಲೆ ತಯಾರಿಸಿತು. ನಮ್ಮ ದೇಶದಲ್ಲಿ 1947ರಲ್ಲಿ ಮಹೀಂದ್ರದವರು ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿದರು. 1953ರಲ್ಲಿ ಬಂದ ಸೀಜೆ-ತ್ರೀಬಿ ಎಂಬ ಮಾದರಿಯನ್ನು ವಿಲ್ಲಿಸ್ ಕಂಪನಿಯವರು ಬಿಟ್ಟುಬಿಟ್ಟ ಮೇಲೂ ನಮ್ಮವರು ಬಹಳ ಕಾಲ ಮಾಡುತ್ತಿದ್ದರು. ಆ ಮಾದರಿಯ ಲೆಕ್ಕವನ್ನು ನೋಡಿರಿ: ಮೊದಲನೆಯ ಗೇರಿನಲ್ಲಿ ಎಂಜಿನ್ನಿನ ತಿರುಚುಬಲ 2.8 ಪಟ್ಟು ಆಗುತ್ತದೆ. ‘ಲೋ’ ಎಂಬ ಸಣ್ಣ ಸನ್ನೆಗೋಲನ್ನು ಹಾಕಿದರೆ ಅದು ಮತ್ತೆ 2.46 ಪಟ್ಟು, ಅಚ್ಚಿನಲ್ಲಿರುವ ಕ್ರೌನ್ ಪಿನಿಯನ್ನಿನಲ್ಲಿ ಮತ್ತೆ 5.38 ಪಟ್ಟು. ಮೂರನ್ನೂ ಗುಣಿಸಿದರೆ 37 ಪಟ್ಟು! ಎಂಜಿನ್ನು ಒಂದು ಮನುಷ್ಯನ ಶಕ್ತಿಯಿಂದ ತಿರುವಿದರೆ ಶಾಫ್ಟುಗಳು ಮೂವತ್ತೇಳು ಜನರ ತಿರುವನ್ನು ತಾಳಿಕೊಳ್ಳಬೇಕು. ಸಪಾಟು ನೆಲದ ಮೇಲೆ ಈ ಭಾರವನ್ನು ನಾಲ್ಕು ಗಾಲಿಗಳು ಹಂಚಿಕೊಳ್ಳುತ್ತವೆ. ಹಳ್ಳದ ದಂಡೆಯಲ್ಲಿ ಹಾಗಲ್ಲ. ಮೂರು ಗಾಲಿಗಳು ರಾಡಿಯಲ್ಲಿದ್ದು ಒಂದೇ ಗಾಲಿ ಬಂಡೆಯನ್ನು ಕಚ್ಚಿಕೊಂಡರೆ ಆ ಒಂದು ಶಾಫ್ಟಿನ ಪಾಡು ಏನಾಗಬೇಡ?

ಕಳೆದ ವರ್ಷದ ಆಷಾಢದಲ್ಲಿ ಆದದ್ದು ಇದೇ. ಒಂದು ವಾಡೆಯಲ್ಲಿ ಚೊಚ್ಚಲ ಬಸುರಿ ಹೆಂಗಸಿಗೆ ನಸುಕಿನಲ್ಲಿ ಬೇನೆ ಕಾಣಿಸಿಕೊಂಡಿತು. ಕಾಕಾ ಜೀಪು ಒಯ್ದರು; ರಜೆಗೆಂದು ಹೋಗಿದ್ದ ನಾನೂ ಜೊತೆಗಿದ್ದೆ. ಹೋಗುವಾಗ ಹಳ್ಳ ಮೊಣಕಾಲುದ್ದ ಇತ್ತು. ಬರುವಾಗ ಇನ್ನಷ್ಟು ಏರಿತ್ತು. ನೀರನ್ನೇನೋ ದಾಟಿದೆವು. ದಂಡೆಯನ್ನು ಏರುವಾಗ ಬಲಗಡೆಯ ಮುಂದಿನ ಗಾಲಿ ಒಮ್ಮೆ ಗಾಳಿಯಲ್ಲಿ ಗರಗರ ತಿರುಗಿ, ಮರುಕ್ಷಣ ಕಲ್ಲಿಗೆ ಹತ್ತಿತು. ಕೆಳಗಿನಿಂದ ಒಣಗಿದ ಟೊಂಗೆ ಮುರಿದಂಥ ಸದ್ದು. ಆಮೇಲೆ ಎಂಜಿನ್ನು ಎಷ್ಟು ಕೂಗಿದರೂ ಮುಂದಿನ ಗಾಲಿಗಳು ಅಲುಗಲಿಲ್ಲ. ಒಂದು ಕಡೆಯ ಶಾಫ್ಟು ಮುರಿದರೆ ಇನ್ನೊಂದು ಕಡೆಯದೂ ನಿಷ್ಪ್ರಯೋಜಕವೇ. ಯಾವ ಕಡೆ ಸಲೀಸಾಗಿ ತಿರುಗುತ್ತದೆಯೋ ಆ ಕಡೆಗೇ ಬಲವನ್ನೆಲ್ಲ ಬಿಟ್ಟುಕೊಡುವದು ನಡುವಿನ ಡಿಫರೆನ್ಶಿಯಲ್ ಎಂಬ ಯಂತ್ರದ ಸ್ವಭಾವ. ಹಿಂದಿನ ಗಾಲಿಗಳು ರಾಡಿಯಲ್ಲಿ ತೋಡಿಕೊಂಡು ಕುಳಿತವು.

ಹೆಂಗಸಿನ ಅತ್ತೆ ಒಂದು ಮಾತೂ ಆಡದೆ ಹೆಗಲ ಕಂಬಳಿಯನ್ನು ತೆಗೆದು ಕೊಟ್ಟಳು. ಬಿದಿರು ಕಡಿದು ಜೋಲಿ ಕಟ್ಟಿ, ನಾವು ಆರು ಜನ ಸರದಿಯ ಮೇಲೆ ಹೊತ್ತು, ಸುರಿಯುವ ಮಳೆಯಲ್ಲಿ ಡಾಂಬರು ರಸ್ತೆಯನ್ನು ಮುಟ್ಟಿದೆವು. ದೇವರ ದಯೆಯಿಂದ ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದಾರೆ. ಆದರೆ ಆ ದಾರಿಯಲ್ಲಿ ಆಕೆ ನರಳಿದ ಸದ್ದನ್ನು ಕೇಳಿದವರಿಗೆ ಮರುದಿನ ‘ಒಂದು ಶಾಫ್ಟು ಮುರಿಯಿತು’ ಎಂದಷ್ಟೇ ಹೇಳಿ ಸುಮ್ಮನಾಗುವದು ಸಾಧ್ಯವಿರಲಿಲ್ಲ.

ಹಳಿಯಾಳದಲ್ಲಿ ಒಬ್ಬ ಮುದುಕ ಮಿಸ್ತ್ರಿ ಇದ್ದಾರೆ. ದಾಂಡೇಲಿಯ ಪ್ರವಾಸಿ ಜೀಪುಗಳಿಂದ ಹಿಡಿದು ಮುಂಡಗೋಡದ ಟಿಬೇಟಿಯನ್ ವಸತಿಯ ಟ್ರ್ಯಾಕ್ಟರುಗಳ ವರೆಗೆ ಅವರ ಕೈಯಲ್ಲಿ ಹಾಯ್ದು ಹೋಗಿವೆ. ಕಾಕಾ ಅವರನ್ನು ಚಾಚಾ ಎನ್ನುತ್ತಾರೆ. ಅವರು ಮುರಿದ ತುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಜ್ಯೋತಿಷಿ ಕೈ ನೋಡುವಂತೆ ಬಿಸಿಲಿಗೆ ಹಿಡಿದು ನೋಡಿದರು.

“ಗೌಡ್ರ, ಇದು ಒಂದ ದಿನದಾಗ ಮುರಿದಿದ್ದಲ್ಲ. ಈ ಕರೇ ಭಾಗ ಐತೆಲ್ಲಾ, ಇದು ಯಾವಾಗೋ ಸೀಳಿ ನೀರು ಕುಡದೈತಿ. ಬೆಳ್ಳಗ ಮಿಂಚೂದು ಅಷ್ಟ ಮೊನ್ನಿದು.”

ನಾನು ಬಗ್ಗಿ ನೋಡಿದೆ. ಹಲ್ಲುಗಳು ಮುಗಿಯುವ ಮೂಲೆಯಿಂದ ಹೊರಟ ಒಂದು ಸೀಳು, ನದಿಯ ಮಳಲಿನ ಮೇಲೆ ನೀರು ಇಳಿದ ಗೆರೆಗಳಂತೆ ಸಣ್ಣ ಸಣ್ಣ ಕಮಾನುಗಳನ್ನು ಬರೆಯುತ್ತ ಅರ್ಧದ ವರೆಗೆ ಬಂದಿತ್ತು. ಉಳಿದ ಅರ್ಧ ಒರಟಾಗಿ ಹೊಳೆಯುತ್ತಿತ್ತು. ಉಕ್ಕಿಗೂ ದಣಿವು ಉಂಟು; ಒಂದೇ ದೊಡ್ಡ ಏಟಿಗೆ ಬಗ್ಗದ ಉಕ್ಕು ಸಾವಿರ ಸಣ್ಣ ಏಟುಗಳಿಗೆ ಸೋಲುತ್ತದೆ.

ಇನ್ನು ಏನು ಮಾಡುವದೆಂಬ ಪ್ರಶ್ನೆ. ಗುಜರಿಯಿಂದ ಹಳೆಯ ಶಾಫ್ಟು ತಂದು ಹಾಕಬಹುದಿತ್ತು; ಅಗ್ಗ. ಇನ್ನೂ ದಪ್ಪನೆಯ ಶಾಫ್ಟು ಮಾಡಿಸೋಣವೆಂದು ನಾನು ಸೂಚಿಸಿದೆ. ವ್ಯಾಸವನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿದರೆ ತಿರುವನ್ನು ತಾಳುವ ಶಕ್ತಿ ಮೂರರಲ್ಲಿ ಒಂದು ಪಾಲು ಹೆಚ್ಚುತ್ತದೆಂಬುದು ಗಣಿತದ ಮಾತು. ಚಾಚಾ ನಕ್ಕರು. ಶಾಫ್ಟಿನ ಒಂದು ತುದಿ ಡಿಫರೆನ್ಶಿಯಲ್ಲಿನ ಹಲ್ಲುಗಳಲ್ಲಿ ಕೂಡಬೇಕು, ಇನ್ನೊಂದು ತುದಿ ಗಾಲಿಯ ನಡುವಿನ ಕೊಳವೆಯಲ್ಲಿ ಹಾಯಬೇಕು. ಎರಡೂ ತೂತುಗಳ ಅಳತೆ ಎಂದೋ ನಿಶ್ಚಯವಾಗಿದೆ. ಬೆಳೆಯುವದಕ್ಕೆ ಜಾಗವಿಲ್ಲದವನು ಗುಣದಲ್ಲಿ ಬೆಳೆಯಬೇಕು. ಆದ್ದರಿಂದ ಉಕ್ಕನ್ನೇ ಬದಲಿಸಬೇಕು.

ಕಾರಖಾನೆಯವರು ಈಎನ್-24 ಎಂದು ಕರೆಯುವ ಉಕ್ಕೊಂದಿದೆ. ಅದರಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ನಿಕ್ಕಲ್, ಒಂದಕ್ಕಿಂತ ತುಸು ಹೆಚ್ಚು ಕ್ರೋಮಿಯಂ, ಚಿಟಿಕೆಯಷ್ಟು ಮಾಲಿಬ್ಡಿನಂ ಇರುತ್ತವೆ. ಅದನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ತಣಿಸಿ, ಮತ್ತೆ ಮಂದವಾಗಿ ಕಾಯಿಸಿದರೆ ಗಡಸೂ ಬರುತ್ತದೆ, ಬಾಗುವ ಗುಣವೂ ಉಳಿಯುತ್ತದೆ. ನಮ್ಮ ಕಮ್ಮಾರನು ಕುಡಗೋಲಿಗೆ ಹದ ಕೊಡುವದೂ ಇದೇ ತತ್ತ್ವದಿಂದ. ಬರೇ ಗಡಸಾದರೆ ಗಾಜಿನಂತೆ ಒಡೆಯುವದು, ಬರೇ ಮೆತ್ತಗಾದರೆ ಹಗ್ಗದಂತೆ ಹೊಸೆಯುವದು.

ಎರಡನೆಯ ಪ್ರಶ್ನೆ ಕೀಲಿನದು. ಮುಂದಿನ ಗಾಲಿ ತಿರುಗುತ್ತಲೇ ಹೊರಳಬೇಕು. ಆದ್ದರಿಂದ ಶಾಫ್ಟು ಒಂದೇ ತುಂಡಾಗಿರುವಂತಿಲ್ಲ, ನಡುವೆ ಮೊಣಕೈಯಂಥ ಕೀಲು ಬೇಕು. ಕಾಕಾನ ಜೀಪಿನಲ್ಲಿದ್ದದ್ದು ಗುಂಡುಗಳ ಕೀಲು: ನಾಲ್ಕು ಉಕ್ಕಿನ ಗುಂಡುಗಳು, ನಡುವೆ ಐದನೆಯದೊಂದು. ಇದು ಎಷ್ಟು ಹೊರಳಿಸಿದರೂ ಗಾಲಿಯನ್ನು ಸಮವಾಗಿ ತಿರುಗಿಸುತ್ತದೆ. ಆದರೆ ಮುಂದೆ ಹೋಗುವಾಗ ಎರಡೇ ಗುಂಡುಗಳು ಭಾರ ಹೊರುತ್ತವೆ, ಹಿಂದೆ ಬರುವಾಗ ಉಳಿದೆರಡು. ತೋಡು ಸವೆದರೆ ಹಳ್ಳಿಯಲ್ಲಿ ದುರಸ್ತಿಯಿಲ್ಲ. ಇನ್ನೊಂದು ಜಾತಿ, ಕ್ರಾಸ್ ಎಂಬ ಶಿಲುಬೆಯಾಕಾರದ ಕೀಲು. ಹದಿನೇಳನೆಯ ಶತಮಾನದ ರಾಬರ್ಟ್ ಹುಕ್ಕನ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ಇದರಲ್ಲಿ ಒಂದು ಐಬು: ಕೀಲು ಬಾಗಿದಾಗ ಗಾಲಿ ಒಂದೇ ಸಮ ತಿರುಗದೆ, ಪ್ರತಿ ಸುತ್ತಿನಲ್ಲಿ ಎರಡು ಸಲ ಮುಗ್ಗರಿಸಿ ಎರಡು ಸಲ ಓಡುತ್ತದೆ. ಮೂವತ್ತು ಅಂಶ ಬಾಗಿದರೆ ನೂರಕ್ಕೆ ಹದಿನೈದರಷ್ಟು ವೇಗ ಏರುವದು, ಹದಿಮೂರರಷ್ಟು ಇಳಿಯುವದು. ಸ್ಟೇರಿಂಗು ಕೈಯಲ್ಲಿ ಕುಣಿಯುವದು. ಆದರೆ ಕ್ರಾಸು ಕೆಟ್ಟರೆ ಸುತ್ತಿಗೆ ಇದ್ದವನು ಕೆಲವು ತಾಸುಗಳಲ್ಲಿ ಮರದ ಕೆಳಗೇ ಕೂತು ಬದಲಿಸಬಹುದು.

ಈ ಎಲ್ಲದರ ನಡುವೆ ಚಾಚಾ ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ.

“ಗೌಡ್ರ, ಮುರಿಯೂದು ತಪ್ಪಂಗಿಲ್ಲ. ಎಲ್ಲಿ ಮುರೀಬೇಕು ಅನ್ನೂದ ನಾವು ಠರಾಯಿಸಬೇಕು. ಶಾಫ್ಟ ಭಾಳ ಗಟ್ಟಿ ಮಾಡಿ ಕ್ರಾಸೂ ಗಟ್ಟಿ ಮಾಡಿದಿರೆಂದರ ಏಟು ಒಳಗ ಹೋಗಿ ಕ್ರೌನಿಗೆ ಹೊಡೀತೈತಿ. ಕ್ರೌನ್ ಹೋದರ ಅಡವ್ಯಾಗ ಯಾರೂ ಬಿಚ್ಚಂಗಿಲ್ಲ. ಕ್ರಾಸ್ ಸಾದಾ ಇರಲಿ. ಹೋದರ ಅದ ಹೋಗಲಿ.”

ಚಕ್ಕಡಿಯ ಅಚ್ಚು ಮುರಿದರೆ ಗಾಲಿ ಕಳಚಿ ಬೀಳುತ್ತದೆ. ಜೀಪಿನ ಮುಂದಿನ ಶಾಫ್ಟು ಹಾಗಲ್ಲ. ಭಾರವನ್ನು ಹೊರುವದು ಹೊರಗಿನ ಕೊಳವೆ ಮತ್ತು ಬೇರಿಂಗುಗಳು, ಶಾಫ್ಟಿನ ಕೆಲಸ ತಿರುವುವದಷ್ಟೇ. ಮುರಿದ ತುಂಡನ್ನು ಹೊರಗೆಳೆದು ಹಿಂದಿನ ಗಾಲಿಗಳ ಮೇಲೆ ಮನೆ ಸೇರಬಹುದು. ತುಂಡು ಒಳಗೇ ಸಿಕ್ಕಿಕೊಂಡರೆ ಸ್ಟೇರಿಂಗು ಬಿಗಿದು ಅಪಾಯ. ಆದ್ದರಿಂದ ಸದ್ದಾದ ಕೂಡಲೆ ನಿಲ್ಲಿಸಿ ನೋಡಬೇಕು.

ಬೆಲೆಯನ್ನು ಕೇಳಿದಾಗ ಕಾಕಾ ಮೌನವಾದರು. ಎರಡೂ ಕಡೆಯ ಹೊಸ ಶಾಫ್ಟುಗಳಿಗೆ ಬೇಕಾದ ಹಣ, ಮನೆಯ ಹೆಂಚು ಬದಲಿಸುವದಕ್ಕೆಂದು ಕಾಕು ಎರಡು ವರ್ಷ ಕೂಡಿಟ್ಟ ಹಣಕ್ಕೆ ಸರಿಯಾಗಿತ್ತು. ಜೀಪಿನಿಂದ ಬರುವ ಉತ್ಪನ್ನವೂ ಅಷ್ಟಕ್ಕಷ್ಟೆ. ರೋಗಿಯ ಮನೆಯವರ ಹತ್ತಿರ ಬಾಡಿಗೆಯನ್ನು ಬಾಯಿಬಿಟ್ಟು ಕೇಳಿದವರಲ್ಲ ನಮ್ಮ ಕಾಕಾ. ಹಳೆಯ ಶಾಫ್ಟೇ ಸಾಕೆಂಬ ನಿರ್ಣಯಕ್ಕೆ ಅವರು ಬಂದಿದ್ದರು. ಒಲೆಯ ಮುಂದಿದ್ದ ಕಾಕು ರೊಟ್ಟಿ ಬಡಿಯುವದನ್ನು ನಿಲ್ಲಿಸದೆಯೇ ಅಂದಳು: “ಹೆಂಚು ಸೋರಿದರ ಕೆಳಗ ಬುಟ್ಟಿ ಇಡಬಹುದು. ಹಳ್ಳದಾಗ ಗಾಡಿ ನಿಂತರ ಏನ ಇಡತೀರಿ?” ಚರ್ಚೆ ಅಲ್ಲಿಗೆ ಮುಗಿಯಿತು.

ದಸರೆಯ ಹೊತ್ತಿಗೆ ಹೊಸ ಶಾಫ್ಟುಗಳು ಬಂದವು. ಹಲ್ಲುಗಳ ಬುಡದಲ್ಲಿ ಚೂಪಾದ ಮೂಲೆಯಿರಲಿಲ್ಲ, ದುಂಡಗೆ ತೀಡಿದ್ದರು. ಸೀಳು ಹುಟ್ಟುವದು ಚೂಪಾದ ಮೂಲೆಯಲ್ಲಿಯೇ. ನಡುವಿನ ಭಾಗ ತುದಿಗಿಂತ ಕೂದಲೆಳೆಯಷ್ಟು ತೆಳ್ಳಗಿತ್ತು. ಏಟು ಬಿದ್ದಾಗ ಒಂದು ಮೂಲೆಗೆ ಎಲ್ಲ ಹೊರೆ ಬೀಳದೆ, ಉದ್ದಕ್ಕೂ ತುಸು ಹೊಸೆದು ತಾಳಿಕೊಳ್ಳಲೆಂದು ಹೀಗೆ ಮಾಡುತ್ತಾರಂತೆ. ಎಲ್ಲಕ್ಕಿಂತ ಹೆಚ್ಚಾಗಿ ಚಾಚಾ ಮನಸ್ಸಿಟ್ಟದ್ದು ಆಣೆ ಬೆಲೆಯ ವಸ್ತುಗಳ ಮೇಲೆ: ನೀರು ಒಳಗೆ ಬಾರದಂತೆ ತಡೆಯುವ ಸೀಲು ಮತ್ತು ಉಣ್ಣೆಯ ಬಳೆ. ಹಳೆಯ ಗ್ರೀಜು ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಿತ್ತು. ನೀರು ಹೊಕ್ಕ ಗುರುತು ಅದು. ಸೀಲನ್ನು ಹಾಕದೆ ಬಂಗಾರದ ಶಾಫ್ಟು ಹಾಕಿದರೂ ತುಕ್ಕು ಬಿಡದೆಂದು ಅವರು ಮೂರು ಸಲ ಹೇಳಿದರು.

ಈಗ ಜೀಪಿನ ಸೀಟಿನ ಕೆಳಗೆ ಒಂದು ತಗಡಿನ ಪೆಟ್ಟಿಗೆಯಿದೆ. ಅದರಲ್ಲಿ ಎರಡು ಕ್ರಾಸು, ಸುತ್ತಿಗೆ, ಇಕ್ಕಳ, ಗ್ರೀಜಿನ ಡಬ್ಬಿ, ಹಗ್ಗ. ಮೇಲೆ ಮಡಿಚಿಟ್ಟ ಒಂದು ಕಂಬಳಿ. ಹೊಸ ಶಾಫ್ಟು ಹಾಕಿದ ಮೇಲೆಯೂ ಕಾಕಾ ಗಾಲಿಯನ್ನು ಪೂರ್ತಿ ಹೊರಳಿಸಿ ಎಂಜಿನ್ನನ್ನು ಕೆರಳಿಸುವದಿಲ್ಲ; ದಂಡೆಯನ್ನು ಏರುವ ಮೊದಲು ಗಾಲಿಗಳನ್ನು ನೆಟ್ಟಗೆ ಮಾಡಿಕೊಂಡು, ಇಳಿದು ಕಲ್ಲುಗಳನ್ನು ಕೈಯಾರೆ ಹೊಂದಿಸಿ, ನಿಧಾನವಾಗಿ ಏರುತ್ತಾರೆ. ಗಟ್ಟಿ ಶಾಫ್ಟು ಬಂದಿತೆಂದು ಧೈರ್ಯ ಹೆಚ್ಚಬಾರದು, ಕೇವಲ ಚಿಂತೆ ಕಡಿಮೆಯಾಗಬೇಕು ಎಂಬುದು ಅವರ ಅಭಿಪ್ರಾಯ.

ಈ ವರ್ಷದ ಮಳೆಗಾಲದಲ್ಲಿ ಅದೇ ಹಳ್ಳವನ್ನು ಆ ಜೀಪು ಹನ್ನೊಂದು ಸಲ ರೋಗಿಗಳೊಡನೆ ದಾಟಿತು. ಹನ್ನೊಂದು ಸಲವೂ ಡಾಂಬರು ಮುಟ್ಟಿತು. ಮನೆಯ ಹೆಂಚು ಇನ್ನೂ ಸೋರುತ್ತಿದೆ. ಕಾಕು ಬುಟ್ಟಿ ಇಟ್ಟಿದ್ದಾಳೆ.