ಸಾವನದುರ್ಗದ ತಪ್ಪಲಲ್ಲಿ ಒಂದಿರುಳು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಬೆಂಗಳೂರಿನ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರು ದೂರದಲ್ಲಿ, ಮಾಗಡಿಯ ಸಮೀಪದಲ್ಲಿರುವ ಸಾವನದುರ್ಗವಾದರೋ ಹತ್ತಿರ ಹೋದಾಗಲೂ ನುಣ್ಣಗೆಯೇ ಇರುವುದು. ಅದರ ಸೊಬಗೂ ಅಪಾಯವೂ ಆ ನುಣುಪಿನಲ್ಲಿಯೇ ಅಡಗಿವೆ.

ಏಷ್ಯಾಖಂಡದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಇದೂ ಒಂದೆಂದು ಹೆಸರಾಗಿದೆ. ಸಮುದ್ರಮಟ್ಟದಿಂದ ಇದರ ಎತ್ತರ 1226 ಮೀಟರು. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳುಂಟು. ಇಲ್ಲಿಯ ಕಲ್ಲು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಹೆಪ್ಪುಗಟ್ಟಿದುದು. ಮಾಗಡಿಯ ಕೆಂಪೇಗೌಡರ ವಂಶದವರಿಗೆ ಆಶ್ರಯವಾಗಿದ್ದ ಈ ದುರ್ಗವನ್ನು 1791ನೆಯ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯವು ಟಿಪ್ಪು ಸುಲ್ತಾನನ ಕಾವಲುಪಡೆಯಿಂದ ಕಿತ್ತುಕೊಂಡಿತು. ಅಂದಿನ ಕೋಟೆಯ ಗೋಡೆಗಳು ಈಗಲೂ ಏರುದಾರಿಯಲ್ಲಿ ಕಾಣಸಿಗುತ್ತವೆ.

ಬೆನ್ನಿಗೆ ಹೊರೆ ಕಟ್ಟಿಕೊಂಡು ನಡೆಯುವವನಿಗೆ ಮೊದಲ ಲೆಕ್ಕವು ನೀರಿನದು. ಮೂರು ಲೀಟರು ನೀರೆಂದರೆ ಮೂರು ಕಿಲೋಗ್ರಾಮು ಭಾರ. ಅದನ್ನು ಕಡಮೆ ಮಾಡಿದರೆ ಬಾಯಾರಿಕೆ, ಹೆಚ್ಚಿಸಿದರೆ ಬೆನ್ನುನೋವು. ಬೋಳುಬಂಡೆಯ ಮೇಲೆ ಕುಡಿಯತಕ್ಕ ನೀರು ಸಿಕ್ಕೀತೆಂದು ನಂಬಿ ಹೊರಡಬಾರದು. ಆದಕಾರಣ ನಾವು ಡೇರೆ, ಕಂಬಳಿ, ಪಾತ್ರೆಗಳನ್ನು ತಪ್ಪಲಿನ ಬೀಡಿನಲ್ಲಿಯೇ ಇಳಿಸಿ, ನೀರು, ಅವಲಕ್ಕಿ, ಹುರಿಗಡಲೆ, ಬೆಲ್ಲಗಳನ್ನು ಮಾತ್ರ ಹೊತ್ತು, ವೀರಭದ್ರಸ್ವಾಮಿಗೂ ನರಸಿಂಹಸ್ವಾಮಿಗೂ ಕೈಮುಗಿದು ಬೆಳಗಿನ ತಂಪಿನಲ್ಲಿಯೇ ಹೊರಟೆವು.

ದಾರಿಯುದ್ದಕ್ಕೂ ಮೆಟ್ಟಿಲುಗಳಿಲ್ಲ. ಬಂಡೆಯ ಮೇಲಿನ ಗುರುತುಗಳನ್ನು ನೋಡುತ್ತ, ಕಡಿದಾದೆಡೆಯಲ್ಲಿ ಕೈಯನ್ನೂ ಊರಿ ಏರಬೇಕು. ಮಳೆ ಬಿದ್ದ ದಿನ ಇತ್ತ ಸುಳಿಯಲೇಬಾರದು. ಒದ್ದೆಯಾದ ಬಂಡೆಯ ಮೇಲೆ ಜಾರಿದವರಿಗೆ ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ದೊರೆಯದು. ಚಳಿಗಾಲದ ದಿನಗಳೇ ಉತ್ತಮ.

ತುದಿಯಲ್ಲಿ ನಂದಿಯ ಮಂಟಪವಿದೆ. ಅಲ್ಲಿ ನಿಂತಾಗ ಮಂಚನಬೆಲೆಯ ಜಲಾಶಯವು ಕನ್ನಡಿಯಂತೆ ಹೊಳೆಯಿತು. ಅದು ಅರ್ಕಾವತಿಯ ನೀರು. ಇದೇ ಹೊಳೆಗೆ ಮೇಲುಗಡೆ ತಿಪ್ಪಗೊಂಡನಹಳ್ಳಿಯ ಬಳಿ, ಕುಮುದ್ವತಿಯು ಬಂದು ಕೂಡುವಲ್ಲಿ, 1933ರಲ್ಲಿ ಚಾಮರಾಜಸಾಗರವು ಏರ್ಪಟ್ಟಿತು. ಅರ್ಕಾವತಿಯು ನಂದಿಬೆಟ್ಟದ ಮಗಳು, ಕುಮುದ್ವತಿಯು ಶಿವಗಂಗೆಯ ಮಗಳು. ಹೀಗೆ ಬೆಟ್ಟಗಳು ಕೊಟ್ಟ ನೀರನ್ನು ಬೆಂಗಳೂರು ಹಲವು ದಶಕಗಳ ಕಾಲ ಕುಡಿಯಿತು. ಇಂದು ನಗರದ ಬಹುಪಾಲು ನೀರು ದೂರದ ಕಾವೇರಿಯಿಂದ ಬರುತ್ತದೆ. ಹತ್ತಿರದ ಹೊಳೆಯಾದರೋ ಪಟ್ಟಣದ ಕೊಳೆಯನ್ನು ಹೊತ್ತು ಹರಿಯುತ್ತಿದೆ.

ಅರಣ್ಯ ಇಲಾಖೆಯವರ ಅಪ್ಪಣೆಯಿಲ್ಲದೆ ಬೆಟ್ಟದ ಮೇಲಾಗಲಿ ಕಾಡಿನೊಳಗಾಗಲಿ ರಾತ್ರಿ ತಂಗುವಂತಿಲ್ಲ. ಈ ಕಟ್ಟಳೆ ಉಚಿತವಾದುದೇ ಸರಿ. ಕರಡಿ ಚಿರತೆಗಳು ತಿರುಗಾಡುವ ಸೀಮೆಯಿದು. ಹಗಲಿರುವಾಗಲೇ ಇಳಿದು ಬಂದು, ಗೊತ್ತಾದ ಸ್ಥಳದಲ್ಲಿ ಹೂಡಿದ್ದ ಡೇರೆಯನ್ನು ಸೇರಿದೆವು. ಬೆಂಕಿಯನ್ನು ಒಲೆಯ ಮಿತಿಯಲ್ಲಿಯೇ ಉರಿಸಿ, ಮಲಗುವ ಮುನ್ನ ನೀರೆರೆದು ಆರಿಸಿದೆವು. ಒಣಹುಲ್ಲಿಗೆ ಒಂದು ಕಿಡಿ ಸಾಕು.

ನಮ್ಮೊಡನೆ ಹನ್ನೆರಡು ವರ್ಷದ ಬಾಲಕನೊಬ್ಬನಿದ್ದನು. ಮನೆಯಲ್ಲಿ ನಲ್ಲಿಯನ್ನು ತಿರುಗಿಸಿಟ್ಟು ಆಟಕ್ಕೆ ಓಡುವವನು. ಆ ದಿನ ತನ್ನ ಪಾಲಿನ ನೀರನ್ನು ತಾನೇ ಹೊತ್ತು, ಶಿಖರದಲ್ಲಿ ಗುಟುಕು ಗುಟುಕಾಗಿ ಎಣಿಸಿ ಕುಡಿದಿದ್ದನು. ರಾತ್ರಿ ಊಟವಾದ ಮೇಲೆ ಒಂದೇ ಲೋಟ ನೀರಿನಲ್ಲಿ ತಟ್ಟೆಯನ್ನೂ ಕೈಯನ್ನೂ ತೊಳೆದು, ಮಿಕ್ಕ ಹನಿಗಳನ್ನು ಪಕ್ಕದ ಗಿಡದ ಬುಡಕ್ಕೆ ಚೆಲ್ಲಿದನು. ಯಾರೂ ಹೇಳಿಕೊಟ್ಟಿರಲಿಲ್ಲ.

ಗೃಹಸ್ಥರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಇಂತಹ ಬೆಟ್ಟಕ್ಕೆ ಹೋಗಿಬರಲಿ. ಅವರವರ ನೀರನ್ನು ಅವರವರೇ ಹೊರಲಿ. ತಂದ ಕಸವನ್ನೆಲ್ಲ ಗಂಟುಕಟ್ಟಿ ಹಿಂದಕ್ಕೆ ತರಲಿ.